ಹೆಬ್ಬೆರಳಿಗೆ ತಕ್ಕ ರಂಧ್ರ

ವಿಜ್ಞಾನವೆಂದೊಡನೆ ನಮ್ಮ ವಿದ್ಯಾರ್ಥಿಗಳ ಮನಸ್ಸು ದೂರದರ್ಶಕದ ಕಡೆಗೋ ಪರಮಾಣುವಿನ ಕಡೆಗೋ ಓಡುವುದು ವಾಡಿಕೆ. ಒಂದಂಗುಲ ಅಗಲದ, ಎರಡು ಮೂರು ಅಂಗುಲ ಆಳದ ಒಂದು ತೂತಿನಲ್ಲಿ ವಿಚಾರ ಮಾಡತಕ್ಕದ್ದು ಏನಿದ್ದೀತು ಎಂದು ಯಾರಾದರೂ ಕೇಳಿದರೆ ನಮಗೆ ಆಶ್ಚರ್ಯವಾಗದು. ಆದರೆ ಬೌಲಿಂಗ್ ಚೆಂಡಿನಲ್ಲಿ ಹೆಬ್ಬೆರಳಿಗಾಗಿ ಕೊರೆಯುವ ಅಂಥದೊಂದು ತೂತನ್ನು ಕುರಿತೇ ಈ ಲೇಖನವನ್ನು ಬರೆಯಲು ಹೊರಟಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು. ಚೆಂಡಿನ ಹೊರಮೈ ಯಾವ ರಾಳದ್ದು, ಅದರ ಒಳಗಿನ ತಿರುಳು ಯಾವ ಆಕಾರದ್ದು ಎಂಬ ಪ್ರಶ್ನೆಗಳಿಗಿಂತ, ಅದರ ಹೆಬ್ಬೆರಳ ರಂಧ್ರ ಆಡುವವನ ಕೈಗೆ ಹೊಂದುತ್ತದೆಯೆ ಎಂಬ ಪ್ರಶ್ನೆಯೇ ಮೊದಲು ಬರತಕ್ಕದ್ದು. ಆ ಹೊಂದಿಕೆಯನ್ನು ಅಳೆದು ಕೊರೆಯಬಲ್ಲ ಕುಶಲಿಯ ಕೆಲಸವೂ ವಿಜ್ಞಾನದ ಕೆಲಸವೇ ಸರಿ. ಈ ಎರಡು ಮಾತುಗಳಿಗೂ ಕಾರಣ ಕೊಡುವುದು ನಮ್ಮ ಹೊಣೆ.

ಇಲ್ಲಿ ಬೌಲಿಂಗ್ ಎಂದರೆ ಕ್ರಿಕೆಟ್ಟಿನ ಬೌಲಿಂಗ್ ಅಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬೆಳೆದು ಲೋಕವನ್ನೆಲ್ಲ ಸುತ್ತಿದ ಟೆನ್‌ಪಿನ್ ಎಂಬ ಆಟ. ಬೆಂಗಳೂರಿನಲ್ಲಿಯೂ ಇದರ ಅಂಗಣಗಳಿರುವುದರಿಂದ ವಾಚಕರಲ್ಲಿ ಕೆಲವರು ಕಂಡಿರಲೂಬಹುದು, ಆಡಿರಲೂಬಹುದು. ೬೦ ಅಡಿ ಉದ್ದದ, ಸುಮಾರು ಮೂರೂವರೆ ಅಡಿ ಅಗಲದ ನುಣುಪಾದ ಹಾದಿ. ಅದರ ತುದಿಯಲ್ಲಿ ತ್ರಿಕೋಣಾಕಾರವಾಗಿ ನಿಂತ ಹತ್ತು ಪಿನ್ನುಗಳು. ಅವನ್ನು ಉರುಳಿಸಲು ಒಂದು ಭಾರಿ ಚೆಂಡು. ಚೆಂಡಿನ ವ್ಯಾಸ ಎಂಟೂವರೆ ಅಂಗುಲಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ತೂಕ ೧೬ ಪೌಂಡನ್ನು, ಎಂದರೆ ಸುಮಾರು ೭.೨೬ ಕಿಲೋಗ್ರಾಮನ್ನು, ಮೀರಕೂಡದು. ಹೆಬ್ಬೆರಳು, ನಡುಬೆರಳು, ಉಂಗುರಬೆರಳುಗಳಿಗೆ ಒಂದೊಂದರಂತೆ ಮೂರು ರಂಧ್ರಗಳು. ಹಿಂದೆ ಗಟ್ಟಿಮರದಿಂದ ಕಡೆದ ಚೆಂಡುಗಳಿದ್ದುವು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರಬ್ಬರಿನವು ಬಂದುವು. ಆಮೇಲೆ ಪಾಲಿಯೆಸ್ಟರ್, ೧೯೮೦ರ ದಶಕದಲ್ಲಿ ಪಾಲಿಯುರಿಥೇನ್, ೧೯೯೦ರ ದಶಕದಲ್ಲಿ ಹೊಸ ಬಗೆಯ ರಾಳಗಳು. ಮೈ ಹೀಗೆ ಮತ್ತೆ ಮತ್ತೆ ಬದಲಾಯಿತು. ಆದರೆ ಅದನ್ನು ಹಿಡಿಯುವ ಹೆಬ್ಬೆರಳು ಮಾತ್ರ ಅಂದಿನದೇ.

ಕೈಯ ಎರಡು ಕೆಲಸ

ಹೆಬ್ಬೆರಳು ಈ ಆಟದಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸಗಳನ್ನು ಮಾಡಬೇಕಾಗಿದೆ. ತೋಳು ಹಿಂದಕ್ಕೆ ಹೋಗಿ ಮುಂದಕ್ಕೆ ಬೀಸುವವರೆಗೆ ಚೆಂಡನ್ನು ಬಿಡದೆ ಹಿಡಿದಿರಬೇಕು. ಬಿಡುವ ಕ್ಷಣ ಬಂದಾಗ, ಸ್ವಲ್ಪವೂ ತಡವಿಲ್ಲದೆ, ಬೇರೆರಡು ಬೆರಳುಗಳಿಗಿಂತ ಮುಂಚೆ ಹೊರಬರಬೇಕು. ಹೆಬ್ಬೆರಳು ಬಿಟ್ಟ ಮೇಲೆ ಉಳಿದ ಎರಡು ಬೆರಳುಗಳು ಸೆಕೆಂಡಿನ ಕೆಲವೇ ನೂರನೆಯ ಭಾಗಗಳಷ್ಟು ಕಾಲ ಚೆಂಡನ್ನು ಮೀಟಿ ಅದಕ್ಕೆ ತಿರುಗುವಿಕೆಯನ್ನು ಕೊಡುತ್ತವೆ. ಹಿಡಿಯುವುದೂ ಬಿಡುವುದೂ ಒಂದೇ ತೂತಿನ ಹೊಣೆ ಎಂದಮೇಲೆ ಆ ತೂತು ಸಾಮಾನ್ಯವಾದುದಲ್ಲವೆಂಬುದು ತಾನೇ ಹೊಳೆಯುತ್ತದೆ.

ಹಿಡಿಯಬೇಕಾದ ಭಾರವೆಷ್ಟು ಎಂಬುದನ್ನು ಕಾಲೇಜಿನ ವಿದ್ಯಾರ್ಥಿ ತಾನೇ ಲೆಕ್ಕ ಹಾಕಬಹುದು. ತೋಳನ್ನು ಒಂದು ಲೋಲಕದ ದಾರವೆಂದು ಭಾವಿಸೋಣ. ಚೆಂಡನ್ನು ಭುಜದ ಮಟ್ಟಕ್ಕೆ ಎತ್ತಿ, ಸ್ನಾಯುಬಲವನ್ನು ಕಿಂಚಿತ್ತೂ ಹಾಕದೆ, ಗುರುತ್ವವೊಂದರಿಂದಲೇ ಬೀಳಗೊಟ್ಟರೆ, ಕೆಳಗಿನ ಬಿಂದುವನ್ನು ತಲಪುವಾಗ ಅದರ ವೇಗದ ವರ್ಗ ೨ಗ್ರಾ ಆಗಿರುತ್ತದೆ. ಇಲ್ಲಿ ‘ಗ್ರಾ’ ಎಂಬುದು ಗುರುತ್ವದ ವೇಗೋತ್ಕರ್ಷ ಮತ್ತು ತೋಳಿನ ಉದ್ದ ಇವುಗಳ ಗುಣಲಬ್ಧ. ವರ್ತುಲದಲ್ಲಿ ಸುತ್ತುವುದಕ್ಕೆ ಬೇಕಾದ ಕೇಂದ್ರಾಭಿಮುಖ ಬಲ ಚೆಂಡಿನ ತೂಕದ ಎರಡರಷ್ಟಾಗುತ್ತದೆ. ತೂಕವನ್ನು ತಡೆಯುವುದಕ್ಕೆ ಇನ್ನೊಂದರಷ್ಟು. ಒಟ್ಟು ಮೂರರಷ್ಟು. ತೋಳು ನೀಳವಾಗಿರಲಿ, ಗಿಡ್ಡವಾಗಿರಲಿ, ಉತ್ತರ ಒಂದೇ. ಉದ್ದ ಲೆಕ್ಕದಿಂದ ಹಾರಿಹೋಗುತ್ತದೆ. ೧೫ ಪೌಂಡಿನ, ಎಂದರೆ ಸುಮಾರು ೬.೮ ಕಿಲೋಗ್ರಾಂ ತೂಕದ ಚೆಂಡು ಆ ಕ್ಷಣದಲ್ಲಿ ಬೆರಳುಗಳನ್ನು ೨೦ ಕಿಲೋಗ್ರಾಮಿನ ಹೊರೆಯಂತೆ ಜಗ್ಗುತ್ತದೆ. ಆಡುವವನು ತೋಳಿನ ಶಕ್ತಿಯನ್ನೂ ಸೇರಿಸಿದರೆ ಹೊರೆ ಇನ್ನೂ ಹೆಚ್ಚು. ಬಿಂದಿಗೆಯಲ್ಲಿ ನೀರು ತುಂಬಿ ಮೂರು ಬೆರಳಿನಲ್ಲಿ ಹಿಡಿದು ಬೀಸಿದಂತಾಯಿತು.

ತೋಳಿನ ಉದ್ದ ಮುಕ್ಕಾಲು ಮೀಟರಾದರೆ ಹೀಗೆ ದೊರೆಯುವ ವೇಗ ಸೆಕೆಂಡಿಗೆ ಸುಮಾರು ೩.೮ ಮೀಟರು. ಆಟಗಾರ ಮುಂದಕ್ಕೆ ಹೆಜ್ಜೆಯಿಟ್ಟು ಬರುವ ವೇಗ ಇದಕ್ಕೆ ಕೂಡಿಕೊಳ್ಳುತ್ತದೆ. ಚೆಂಡು ಸೆಕೆಂಡಿಗೆ ಏಳು ಮೀಟರಿನಂತೆ ಹೊರಟಿತೆನ್ನೋಣ. ಹೆಬ್ಬೆರಳು ಸೆಕೆಂಡಿನ ನೂರರಲ್ಲೊಂದು ಭಾಗ ತಡವಾಗಿ ಹೊರಬಂದರೆ ಅಷ್ಟರಲ್ಲಿ ಚೆಂಡು ಏಳು ಸೆಂಟಿಮೀಟರು ಸರಿದಿರುತ್ತದೆ, ತೋಳು ಮೂರು ಡಿಗ್ರಿಯಷ್ಟು ಮೇಲಕ್ಕೆ ಹೊರಳಿರುತ್ತದೆ. ಇನ್ನು ಪಕ್ಕದ ದಿಕ್ಕಿನಲ್ಲಿ ತಪ್ಪುವ ಮಾತು: ಹೆಬ್ಬೆರಳು ಅಂಚಿಗೆ ತಗಲಿ ಚೆಂಡಿನ ದಾರಿ ಒಂದೇ ಒಂದು ಡಿಗ್ರಿ ತಿರುಗಿದರೂ ೬೦ ಅಡಿಯ ತುದಿಯಲ್ಲಿ ಅದು ೩೨ ಸೆಂಟಿಮೀಟರಿನ ಅಂತರವಾಗುತ್ತದೆ. ಅಕ್ಕಪಕ್ಕದ ಪಿನ್ನುಗಳ ನಡುವಣ ಅಂತರ ೧೨ ಅಂಗುಲ, ಎಂದರೆ ಸುಮಾರು ೩೦ ಸೆಂಟಿಮೀಟರು. ಗುರಿಯಿಟ್ಟ ಪಿನ್ನಿಗೆ ಬದಲು ಮಗ್ಗುಲಿನದಕ್ಕೆ ಬಡಿಯಲು ಹೆಬ್ಬೆರಳಿನ ಒಂದು ಸಣ್ಣ ತೊಡಕು ಸಾಕು.

ಸಡಿಲವಾದರೆ ಬಿಗಿ, ಬಿಗಿಯಾದರೆ ತಡ

ಹೊಸದಾಗಿ ಆಡುವವರಲ್ಲಿ ಒಂದು ನಂಬಿಕೆಯುಂಟು: ತೂತು ದೊಡ್ಡದಾದಷ್ಟೂ ಬೆರಳು ಸಲೀಸಾಗಿ ಹೊರಬರುತ್ತದೆಂದು. ಮೇಲುನೋಟಕ್ಕೆ ಇದು ಸರಿಯೆನಿಸುತ್ತದೆ. ನಡೆಯುವುದು ಇದಕ್ಕೆ ವಿರುದ್ಧ. ತೂತು ಸಡಿಲವಾದೊಡನೆ ಚೆಂಡು ಬಿದ್ದುಹೋದೀತೆಂಬ ಅಂಜಿಕೆಯಿಂದ ಕೈ ತಾನಾಗಿ ಹಿಡಿತವನ್ನು ಬಿಗಿಮಾಡುತ್ತದೆ. ಹೆಬ್ಬೆರಳು ತೂತಿನೊಳಗೆ ಗೆಣ್ಣಿನಲ್ಲಿ ಮಡಿಯುತ್ತದೆ. ಮಡಿದ ಬೆರಳು ಕೊಕ್ಕೆಯಂತೆ. ಅದು ನೇರವಾಗಿ ಜಾರಲಾರದು. ಹೀಗೆ ಸಡಿಲವಾದ ರಂಧ್ರದಿಂದ ಬಿಗಿಯಾದ ಹಿಡಿತವೂ, ಬಿಗಿಯಾದ ಹಿಡಿತದಿಂದ ತಡವಾದ ಬಿಡುಗಡೆಯೂ ಉಂಟಾಗುತ್ತವೆ. ತೂತು ತೀರ ಚಿಕ್ಕದಾದರೆ ಹೇಳಬೇಕಾದುದೇ ಇಲ್ಲ. ಬೆರಳು ಕಚ್ಚಿಕೊಂಡು, ಚೆಂಡು ಹಾದಿಯ ಮೇಲೆ ಉರುಳುವುದಕ್ಕೆ ಬದಲು ನೆಗೆದು ಬೀಳುತ್ತದೆ.

ಎರಡರ ನಡುವೆ ಇರುವ ಜಾಗ ಬಹಳ ಕಿರಿದು. ಅಮೆರಿಕದ ಪ್ರೋ ಶಾಪುಗಳಲ್ಲಿ, ಎಂದರೆ ಚೆಂಡಿಗೆ ರಂಧ್ರ ಕೊರೆದು ಕೊಡುವ ಅಂಗಡಿಗಳಲ್ಲಿ, ಬೈರಿಗೆಗಳ ಅಳತೆ ಒಂದಂಗುಲದ ಅರುವತ್ತನಾಲ್ಕನೆಯ ಒಂದು ಭಾಗದಂತೆ ಏರುತ್ತದೆ. ಅದು ಸುಮಾರು ೦.೪ ಮಿಲಿಮೀಟರು, ನಾವು ಬರೆಯುವ ಕಾಗದದ ನಾಲ್ಕು ಹಾಳೆಗಳ ದಪ್ಪ. ಅನುಭವವುಳ್ಳ ಆಟಗಾರ ಈ ಒಂದು ಮೆಟ್ಟಿಲಿನ ವ್ಯತ್ಯಾಸವನ್ನು ಕಣ್ಣುಮುಚ್ಚಿ ಹೇಳಬಲ್ಲ.

ನಮ್ಮ ನಾಡಿನ ಬಳೆಗಾರನಿಗೆ ಈ ಸಮಸ್ಯೆ ಹೊಸದಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ಗಾಜಿನ ಬಳೆ ಕೈಯ ಅಗಲವಾದ ಭಾಗವನ್ನು ದಾಟಿ ಒಳಹೋಗಬೇಕು. ಒಳಹೋದಮೇಲೆ ಮಣಿಕಟ್ಟಿನಿಂದ ಜಾರಿ ಬೀಳಬಾರದು. ಆತನ ಅಳತೆಗಳೂ ಅಂಗುಲದ ಭಾಗಗಳಲ್ಲಿಯೇ ಇವೆ: ಎರಡು-ನಾಲ್ಕು ಎಂದರೆ ಎರಡಂಗುಲದ ಮೇಲೆ ಹದಿನಾರನೆಯ ನಾಲ್ಕು ಭಾಗ, ಎರಡು-ಆರು ಎಂದರೆ ಆರು ಭಾಗ. ಒಳ್ಳೆಯ ಬಳೆಗಾರ ಅಳತೆಗೋಲನ್ನಷ್ಟೇ ನೆಚ್ಚುವುದಿಲ್ಲ. ಕೈಯನ್ನು ಹಿಡಿದು ಅಮುಕಿ, ಮೂಳೆ ಎಷ್ಟು ಮಣಿಯುತ್ತದೆ, ಮಾಂಸ ಎಷ್ಟು ಮೆದುವಾಗಿದೆ ಎಂಬುದನ್ನು ನೋಡುತ್ತಾನೆ. ಹೆಬ್ಬೆರಳಿನ ರಂಧ್ರವನ್ನು ಅಳೆಯುವವನು ಮಾಡುವುದೂ ಇದನ್ನೇ. ಕೆಲವರ ಗೆಣ್ಣು ದಪ್ಪ, ಬುಡ ತೆಳು. ಕೆಲವರದು ಬುಡ ದಪ್ಪ, ತುದಿ ಚೂಪು. ಬಹುಮಂದಿಯ ಹೆಬ್ಬೆರಳು ಅಡ್ಡಕೊಯ್ದರೆ ವರ್ತುಲವಾಗಿರದೆ ಮೊಟ್ಟೆಯ ಆಕಾರದಲ್ಲಿರುತ್ತದೆ. ಆದುದರಿಂದ ಬಲ್ಲವನು ಬೈರಿಗೆಯನ್ನು ಸ್ವಲ್ಪ ಸರಿಸಿ ಎರಡು ಮೂರು ಸಲ ಕೊರೆದು ರಂಧ್ರಕ್ಕೂ ಆ ಆಕಾರವನ್ನೇ ಕೊಡುತ್ತಾನೆ.

ವ್ಯಾಸವೊಂದೇ ಸಾಲದು

ವ್ಯಾಸ ಸರಿಹೋದಮೇಲೆ ಇನ್ನೂ ಮೂರು ವಿಷಯಗಳುಂಟು. ಮೊದಲನೆಯದು ಹೆಬ್ಬೆರಳ ರಂಧ್ರಕ್ಕೂ ಬೇರೆರಡು ರಂಧ್ರಗಳಿಗೂ ನಡುವಣ ದೂರ. ಇದನ್ನು ಸ್ಪ್ಯಾನ್ ಎನ್ನುತ್ತಾರೆ. ನಾವು ಇದನ್ನು ಚಾಚು ಎಂದು ಕರೆಯೋಣ. ಬೆರಳುಗಳನ್ನು ಎರಡನೆಯ ಗೆಣ್ಣಿನವರೆಗೆ ತೂರಿಸುವುದು ಹಳೆಯ ಸಾಂಪ್ರದಾಯಿಕ ಹಿಡಿತ. ಮೊದಲನೆಯ ಗೆಣ್ಣಿನವರೆಗೆ ಮಾತ್ರ ತೂರಿಸುವುದು ಬೆರಳ ತುದಿಯ ಹಿಡಿತ. ಎರಡನೆಯದರಲ್ಲಿ ಚಾಚು ಹೆಚ್ಚು, ಮೀಟುವ ಶಕ್ತಿಯೂ ಹೆಚ್ಚು. ಚಾಚು ಮಿತಿಮೀರಿದರೆ ಅಂಗೈ ಬಿಲ್ಲಿನ ಹೆದೆಯಂತೆ ಬಿಗಿದು ಹೆಬ್ಬೆರಳ ಬುಡ ಅಂಚಿಗೆ ಒತ್ತಿಕೊಳ್ಳುತ್ತದೆ. ಕಡಮೆಯಾದರೆ ಅಂಗೈಯ ಕೆಳಗೆ ಟೊಳ್ಳು ಉಳಿದು, ಮತ್ತೆ ಬೆರಳನ್ನು ಮಡಿಸಿ ಹಿಂಡುವ ಅಭ್ಯಾಸ ಹುಟ್ಟುತ್ತದೆ.

ಎರಡನೆಯದು ರಂಧ್ರದ ಓಲು. ಪಿಚ್ ಎಂದು ಅವರ ಪರಿಭಾಷೆ. ರಂಧ್ರದ ಅಕ್ಷ ಚೆಂಡಿನ ಕೇಂದ್ರಕ್ಕೆ ನೇರವಾಗಿ ಹೋದರೆ ಓಲು ಸೊನ್ನೆ. ಹೆಬ್ಬೆರಳ ತುದಿ ಅಂಗೈಯ ಅಡಿಗೆ ವಾಲುವಂತೆ ಕೊರೆದರೆ ಮುನ್ನೋಲು, ಅಂಗೈಯಿಂದ ದೂರಕ್ಕೆ ವಾಲುವಂತೆ ಕೊರೆದರೆ ಹಿನ್ನೋಲು. ಎಡಬಲಗಳಿಗೂ ಓಲನ್ನು ಕೊಡುವುದುಂಟು. ಅಕ್ಷ ಕೇಂದ್ರದಿಂದ ಎಷ್ಟು ದೂರದಲ್ಲಿ ಹಾದುಹೋಗುತ್ತದೆಂಬುದೇ ಓಲಿನ ಅಳತೆ. ಚೆಂಡಿನ ತ್ರಿಜ್ಯ ಸುಮಾರು ೪.೩ ಅಂಗುಲ, ಕಾಲಂಗುಲದ ಓಲು ಮೂರು ಡಿಗ್ರಿಗಿಂತ ತುಸು ಹೆಚ್ಚಿನ ಕೋನವಾಗುತ್ತದೆ. ಇಷ್ಟರಿಂದ ಏನಾದೀತು ಎನ್ನಬೇಡಿ. ಓಲಿಲ್ಲದ ಚೆಂಡಿನಲ್ಲಿ ಹೆಬ್ಬೆರಳಿನ ಅಕ್ಷಕ್ಕೂ ಉಳಿದ ಬೆರಳುಗಳ ಅಕ್ಷಗಳಿಗೂ ನಡುವೆ ೬೦ ಡಿಗ್ರಿಯ ಆಸುಪಾಸಿನ ಕೋನವಿರುತ್ತದೆ. ಕೈ ಒಂದು ಇಕ್ಕಳದಂತೆ ಚೆಂಡನ್ನು ಹಿಡಿದಿರುವುದು ಈ ಕೋನದಿಂದಲೇ. ಮುನ್ನೋಲು ಆ ಕೋನವನ್ನು ಹಿಗ್ಗಿಸಿ ಹಿಡಿತಕ್ಕೆ ನೆರವಾಗುತ್ತದೆ. ಹಿನ್ನೋಲು ಕುಗ್ಗಿಸಿ ಬಿಡುಗಡೆಗೆ ನೆರವಾಗುತ್ತದೆ. ಹೆಬ್ಬೆರಳು ಹಿಂದಕ್ಕೆ ಎಷ್ಟು ಬಾಗುತ್ತದೆಂಬುದು ಒಬ್ಬೊಬ್ಬರಲ್ಲಿ ಒಂದೊಂದು ತೆರನಾದುದರಿಂದ, ಒಬ್ಬನಿಗೆ ವರವಾದ ಓಲು ಇನ್ನೊಬ್ಬನಿಗೆ ಶಾಪವಾಗಬಹುದು.

ಮೂರನೆಯದು ಅಂಚು. ಬಲ ಎಷ್ಟೇ ಇರಲಿ, ಅದು ತಗಲುವ ವಿಸ್ತೀರ್ಣ ಕಡಮೆಯಾದಷ್ಟೂ ಒತ್ತಡ ಹೆಚ್ಚುವುದೆಂಬುದನ್ನು ಹೈಸ್ಕೂಲಿನ ವಿದ್ಯಾರ್ಥಿಯೂ ಬಲ್ಲ. ಕೊರೆದ ಕೂಡಲೆ ರಂಧ್ರದ ಬಾಯಿ ಕತ್ತಿಯಲಗಿನಂತಿರುತ್ತದೆ. ಅದನ್ನು ಉಜ್ಜಿ ದುಂಡಗೆ ಮಾಡಿದರೆ ಅದೇ ಹೊರೆ ವಿಶಾಲವಾದ ಚರ್ಮದ ಮೇಲೆ ಹರಡಿಕೊಳ್ಳುತ್ತದೆ. ನಾಲ್ಕರಷ್ಟು ಜಾಗಕ್ಕೆ ಹರಡಿದರೆ ಒತ್ತಡ ನಾಲ್ಕನೆಯ ಒಂದು ಭಾಗ. ಕೆಲವೇ ನಿಮಿಷಗಳ ಈ ಕೆಲಸವನ್ನು ಅವಸರದಲ್ಲಿ ಬಿಟ್ಟುಬಿಡುವವರುಂಟು. ಅದರ ಫಲವನ್ನು ಆಡುವವನು ಅನುಭವಿಸಬೇಕು.

ನರದ ಮಾತು

ಈ ಫಲ ಬರಿಯ ಗುಳ್ಳೆಯಾಗಿದ್ದರೆ ನಾವು ಇಷ್ಟೊಂದು ಬರೆಯಬೇಕಾದ ಅಗತ್ಯವಿರಲಿಲ್ಲ. ಹೆಬ್ಬೆರಳಿನ ತೋರುಬೆರಳ ಕಡೆಯ ಮಗ್ಗುಲಿನಲ್ಲಿ, ಚರ್ಮಕ್ಕೆ ತೀರ ಸಮೀಪವಾಗಿ, ಸ್ಪರ್ಶಜ್ಞಾನದ ಒಂದು ನರ ಹರಿಯುತ್ತದೆ. ರಂಧ್ರದ ಅಂಚು ದಿನವೂ ನೂರಾರು ಸಲ ಅದೇ ಜಾಗವನ್ನು ಒತ್ತಿದರೆ ನರದ ಸುತ್ತಣ ಅಂಗಾಂಶ ದಪ್ಪಗಾಗಿ ಗಂಟುಕಟ್ಟುತ್ತದೆ. ಬೆರಳು ಜುಮ್ಮೆನ್ನುವುದು, ಮರಗಟ್ಟುವುದು, ಗಂಟನ್ನು ಮುಟ್ಟಿದರೆ ಮಿಂಚು ಹೊಡೆದಂತಾಗುವುದು ಇದರ ಲಕ್ಷಣಗಳು. ವೈದ್ಯಗ್ರಂಥಗಳಲ್ಲಿ ಇದಕ್ಕೆ ಆಟದ ಹೆಸರೇ ಬಂದುಬಿಟ್ಟಿದೆ: ಬೌಲರನ ಹೆಬ್ಬೆರಳು. ವೈದ್ಯರು ಮೊದಲು ಹೇಳುವ ಉಪಾಯ ವಿಶ್ರಾಂತಿ ಮತ್ತು ರಂಧ್ರದ ತಿದ್ದುಪಡಿ. ಅದರಿಂದ ಗುಣವಾಗದ ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಬೇಕಾದೀತು. ಬೈರಿಗೆಯಿಂದ ಮೊದಲೇ ಆಗಬೇಕಾದುದನ್ನು ಕೊನೆಗೆ ಶಸ್ತ್ರದಿಂದ ಮಾಡಿಸಿಕೊಳ್ಳುವುದು ಯಾವ ಜಾಣತನ? ಎಳೆಯ ಕೈಗಳು ಹೆಚ್ಚು ಹೆಚ್ಚಾಗಿ ಈ ಆಟಕ್ಕೆ ಬರುತ್ತಿರುವಾಗ, ನೋವು ಆಟದ ಅಂಗವೆಂದೂ ತಾಳಿಕೊಳ್ಳುವುದೇ ಪೌರುಷವೆಂದೂ ಹೇಳಿಕೊಡುವ ಹಿರಿಯರನ್ನು ನಾವು ಒಪ್ಪಲಾರೆವು. ನೋವೆಂಬುದು ಅಳತೆ ತಪ್ಪಿದೆಯೆಂದು ದೇಹ ಬರೆದು ಕಳಿಸಿದ ಓಲೆ. ಅದನ್ನು ಓದಬೇಕು, ಹರಿದುಹಾಕಬಾರದು.

ಬದಲಾಗುವ ಬೆರಳು

ಒಂದು ಸಲ ಸರಿಯಾಗಿ ಅಳೆದರೆ ಸಾಕೆ? ಸಾಲದು. ಹೆಬ್ಬೆರಳು ಬೆಳಗ್ಗೆ ಇದ್ದಂತೆ ಸಂಜೆ ಇರುವುದಿಲ್ಲ, ಚಳಿಯಲ್ಲಿದ್ದಂತೆ ಸೆಕೆಯಲ್ಲಿರುವುದಿಲ್ಲ, ಮೊದಲ ಆಟದಲ್ಲಿದ್ದಂತೆ ಮೂರನೆಯದರಲ್ಲಿರುವುದಿಲ್ಲ. ಭೌತಶಾಸ್ತ್ರವನ್ನು ಆಗತಾನೇ ಓದಿದ ವಿದ್ಯಾರ್ಥಿ ಇಲ್ಲಿ ಥಟ್ಟನೆ ಉಷ್ಣದಿಂದ ವಸ್ತುಗಳು ಹಿಗ್ಗುವುವೆಂಬ ಸೂತ್ರವನ್ನು ಒಪ್ಪಿಸಿಯಾನು. ಅದನ್ನೂ ಪರೀಕ್ಷಿಸೋಣ. ಮಾಂಸದ ಬಹುಭಾಗ ನೀರು. ಬೆರಳಿನ ಉಷ್ಣತೆ ೧೦ ಸೆಲ್ಸಿಯಸ್ ಡಿಗ್ರಿ ಏರಿದರೂ ೨೪ ಮಿಲಿಮೀಟರು ವ್ಯಾಸದ ಬೆರಳು ನೀರಿನ ಲೆಕ್ಕದಲ್ಲಿ ಹಿಗ್ಗುವುದು ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ಮಾತ್ರ. ಬೈರಿಗೆಯ ಒಂದು ಮೆಟ್ಟಿಲಿನ ಹತ್ತರಲ್ಲೊಂದು ಭಾಗವೂ ಅದು ಸರಿಯಾಗಿ ಆಗಲಿಲ್ಲ. ಆಟಗಾರನಿಗೆ ಗೊತ್ತಾಗುವ ವ್ಯತ್ಯಾಸವಾದರೋ ಒಂದು ಮೆಟ್ಟಿಲು, ಕೆಲವೊಮ್ಮೆ ಅದಕ್ಕೂ ಹೆಚ್ಚು. ಸೂತ್ರ ಸುಳ್ಳಲ್ಲ, ಕಾರಣ ಬೇರೆ. ಸೆಕೆಯಲ್ಲಿ ರಕ್ತನಾಳಗಳು ಅರಳಿ ಬೆರಳಿಗೆ ಹೆಚ್ಚು ರಕ್ತ ಹರಿಯುತ್ತದೆ; ಒತ್ತಡ, ಬೀಸಾಟಗಳಿಂದ ಅಂಗಾಂಶದೊಳಗೆ ದ್ರವ ಸೇರಿಕೊಳ್ಳುತ್ತದೆ. ಬೆರಳು ಕಬ್ಬಿಣದ ಸರಳಲ್ಲ, ಜೀವವಿರುವ ವಸ್ತು. ಸೂತ್ರವನ್ನು ಹಚ್ಚುವ ಮುನ್ನ ಅದು ತರುವ ಪರಿಣಾಮದ ಪ್ರಮಾಣವೆಷ್ಟೆಂದು ನೋಡಿಕೊಳ್ಳುವ ಅಭ್ಯಾಸ ನಮ್ಮ ತರಗತಿಗಳಲ್ಲಿ ಇನ್ನೂ ಬೆಳೆಯಬೇಕಾಗಿದೆ.

ಕುಶಲಿಗಳು ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದುದು. ಬೆರಳು ಅತಿ ಹೆಚ್ಚಾಗಿ ಊದಿದಾಗಿನ ಅಳತೆಗೆ ಹೊಂದುವಂತೆ ರಂಧ್ರವನ್ನು ಕೊರೆದು, ಬೆರಳು ಸೊರಗಿದಾಗ ಒಳಗೋಡೆಗೆ ತೆಳುವಾದ ಅಂಟುಪಟ್ಟಿಗಳನ್ನು ಒಂದೊಂದಾಗಿ ಹಚ್ಚುತ್ತಾರೆ. ಊದಿದಾಗ ಒಂದೊಂದಾಗಿ ಕೀಳುತ್ತಾರೆ. ಇನ್ನೊಂದು ಉಪಾಯ, ಚೆಂಡಿನಲ್ಲಿ ದೊಡ್ಡ ರಂಧ್ರ ಕೊರೆದು ಅದರೊಳಗೆ ಪ್ಲಾಸ್ಟಿಕ್ಕಿನ ಗಟ್ಟಿ ಕೊರಡನ್ನು ಕೂರಿಸಿ, ಹೆಬ್ಬೆರಳಿನ ರಂಧ್ರವನ್ನು ಆ ಕೊರಡಿನಲ್ಲಿ ಕೊರೆಯುವುದು. ಕೊರಡನ್ನು ತಿರುಗಿಸಿ ತೆಗೆಯಬರುವಂತೆ ಮಾಡಿಟ್ಟರೆ ಒಂದೇ ಹೆಬ್ಬೆರಳಿನ ಅಚ್ಚನ್ನು ಹಲವು ಚೆಂಡುಗಳಿಗೆ ಬಳಸಬಹುದು. ಸ್ಥಿರವಾದ ವಸ್ತುವನ್ನು ಅಸ್ಥಿರವಾದ ಜೀವಕ್ಕೆ ಹೊಂದಿಸುವ ಈ ಜಾಣ್ಮೆಯಲ್ಲಿ ಯಾವ ದೊಡ್ಡ ಯಂತ್ರವೂ ಇಲ್ಲ. ಗಮನವಿಟ್ಟು ನೋಡಿದುದರ ಫಲವಿದೆ.

ಸರಾಸರಿ ಕೈ ಯಾರದು?

ಈಗ ಅಂಗಣಗಳಲ್ಲಿ ಎಲ್ಲರಿಗಾಗಿ ಸಾಲಾಗಿ ಇಟ್ಟಿರುವ ಚೆಂಡುಗಳ ಮಾತಿಗೆ ಬರೋಣ. ಇವನ್ನು ‘ಸರಾಸರಿ’ ಕೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರೆದಿರುತ್ತಾರೆ. ಸಾಮಾನ್ಯವಾಗಿ ಹಗುರವಾದ ಚೆಂಡಿಗೆ ಚಿಕ್ಕ ರಂಧ್ರ, ಭಾರವಾದುದಕ್ಕೆ ದೊಡ್ಡ ರಂಧ್ರ. ಬಲವಿದ್ದವನ ಬೆರಳೆಲ್ಲ ದಪ್ಪ, ಬಲವಿಲ್ಲದವನ ಬೆರಳೆಲ್ಲ ತೆಳು ಎಂಬ ಊಹೆ ಇದರ ಹಿಂದಿದೆ. ದಪ್ಪ ಬೆರಳಿನ ದುರ್ಬಲನೂ, ತೆಳು ಬೆರಳಿನ ಬಲಶಾಲಿಯೂ ಈ ಊಹೆಗೆ ಬಲಿಯಾಗುತ್ತಾರೆ. ಮೊದಲನೆಯವನು ಹೊರಲಾರದ ಚೆಂಡನ್ನು ಹೊರಬೇಕು, ಇಲ್ಲವೆ ಬೆರಳು ತೂರದ ಚೆಂಡಿನೊಡನೆ ಹೆಣಗಬೇಕು. ಎರಡನೆಯವನು ಸಡಿಲವಾದುದನ್ನು ಹಿಂಡಿ ಹಿಡಿಯಬೇಕು.

ಸರಾಸರಿಯೆಂಬುದು ಎಷ್ಟು ಮೋಸಗೊಳಿಸಬಲ್ಲುದೆಂಬುದಕ್ಕೆ ಅಮೆರಿಕದಲ್ಲಿಯೇ ನಡೆದ ಒಂದು ಪ್ರಸಿದ್ಧ ಉದಾಹರಣೆಯಿದೆ. ಅಲ್ಲಿನ ವಾಯುಪಡೆಯ ೪,೦೬೩ ಮಂದಿ ವಿಮಾನಚಾಲಕರ ಅಂಗಗಳ ಅಳತೆಗಳನ್ನು ಗಿಲ್ಬರ್ಟ್ ಡೇನಿಯಲ್ಸ್ ಎಂಬ ಸಂಶೋಧಕ ಪರಿಶೀಲಿಸಿ ೧೯೫೨ರಲ್ಲಿ ವರದಿಯಿತ್ತ. ಎತ್ತರ, ಎದೆ, ತೋಳು ಮೊದಲಾದ ಹತ್ತು ಅಳತೆಗಳಲ್ಲಿ ಪ್ರತಿಯೊಂದಕ್ಕೂ ನಡುಭಾಗದ ಶೇಕಡಾ ೩೦ ಮಂದಿಯನ್ನು ಸರಾಸರಿಯವರೆಂದು ಉದಾರವಾಗಿ ಇಟ್ಟುಕೊಂಡ. ಹತ್ತರಲ್ಲಿಯೂ ಸರಾಸರಿಯಾಗಿದ್ದವರು ಎಷ್ಟು ಮಂದಿ? ಒಬ್ಬನೂ ಇರಲಿಲ್ಲ! ಎಲ್ಲರಿಗಾಗಿ ಮಾಡಿದ ಆಸನ ಯಾರಿಗೂ ಸರಿಹೋಗುವಂತಿರಲಿಲ್ಲ. ಹೆಬ್ಬೆರಳಿನ ವ್ಯಾಸ, ಚಾಚು, ಓಲು, ಗೆಣ್ಣಿನ ದಪ್ಪ, ಬೆರಳಿನ ಬಾಗು ಇವೆಲ್ಲವೂ ಸರಾಸರಿಯಾದ ಕೈಯನ್ನು ಹುಡುಕುತ್ತ ಹೋದರೂ ಗತಿ ಇದೇ.

ಎಲ್ಲರೂ ಸ್ವಂತ ಚೆಂಡನ್ನು ಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ತಿಂಗಳಿಗೊಮ್ಮೆ ಗೆಳೆಯರೊಡನೆ ಆಡುವ ವಿದ್ಯಾರ್ಥಿಗೆ ಅದು ದುಂದು. ಅಂಗಣದವರು ಒಂದೊಂದು ತೂಕದಲ್ಲಿಯೂ ಎರಡು ಮೂರು ಅಳತೆಯ ರಂಧ್ರಗಳ ಚೆಂಡುಗಳನ್ನಿಟ್ಟು, ಆ ಅಳತೆಯನ್ನು ಚೆಂಡಿನ ಮೇಲೆ ಕಾಣುವಂತೆ ಬರೆದರೆ ಬಹಳ ಉಪಕಾರವಾದೀತು. ಅದಿಲ್ಲದ ಕಡೆ ಆಡುವವನು ಬಣ್ಣವನ್ನು ನೋಡದೆ ಹೆಬ್ಬೆರಳನ್ನು ಕೇಳಿ ಚೆಂಡನ್ನು ಆರಿಸಿಕೊಳ್ಳಲಿ. ಹೆಬ್ಬೆರಳು ಬುಡದವರೆಗೆ ಹೋಗಬೇಕು. ಒಳಗೆ ತಿರುಗಿಸಿದರೆ ಗೋಡೆ ಸುತ್ತಲೂ ಮೆಲ್ಲಗೆ ಸೋಕಬೇಕು, ಕಚ್ಚಬಾರದು. ಹೆಬ್ಬೆರಳನ್ನು ಹಾಗೆಯೇ ಇಟ್ಟು ಉಳಿದ ಎರಡು ಬೆರಳುಗಳನ್ನು ಅವುಗಳ ರಂಧ್ರಗಳ ಮೇಲೆ ಚಾಚಿದಾಗ, ತುದಿಯಿಂದ ಎಣಿಸಿ ಎರಡನೆಯ ಗೆಣ್ಣಿನ ಗೆರೆ ರಂಧ್ರದ ಹತ್ತಿರದ ಅಂಚಿನ ಆಸುಪಾಸಿಗೆ ಬರಬೇಕು. ಇಷ್ಟನ್ನು ನೋಡಿಕೊಳ್ಳಲು ಅರ್ಧ ನಿಮಿಷ ಸಾಕು.

ಕೆಲವು ಆಕ್ಷೇಪಗಳು

ನಮ್ಮ ವಾದಕ್ಕೆ ಎದುರಾಗಿ ಹೇಳತಕ್ಕ ಮಾತುಗಳಿಲ್ಲದೆ ಇಲ್ಲ. ಚೆಂಡು ಹಾದಿಯ ಎಣ್ಣೆಯ ಮೇಲೆ ಜಾರಿ, ಕೊನೆಯಲ್ಲಿ ತಿರುಗಿ ಪಿನ್ನುಗಳೊಳಗೆ ನುಗ್ಗುವುದು ಅದರ ಹೊರಮೈ ಮತ್ತು ತಿರುಳುಗಳ ಗುಣದಿಂದಲ್ಲವೆ ಎಂದು ಕೆಲವರು ಕೇಳುತ್ತಾರೆ. ನಿಜ. ತಿರುಳಿನ ಜಡತೆಯ ಭ್ರಾಮಕವೂ ಹೊರಮೈಯ ಘರ್ಷಣೆಯೂ ಆಟವನ್ನು ಬದಲಾಯಿಸಿವೆ. ಆದರೆ ಅವು ಕೆಲಸ ಮಾಡತೊಡಗುವುದು ಚೆಂಡು ಕೈಬಿಟ್ಟ ಮೇಲೆ. ಕೈಬಿಡುವ ಕ್ಷಣದಲ್ಲಿ ಸಲಸಲಕ್ಕೂ ವೇಗ, ದಿಕ್ಕು, ತಿರುಗುವಿಕೆಗಳು ಬೇರೆಯಾದರೆ, ತಿರುಳು ಎಷ್ಟು ಉತ್ತಮವಾಗಿದ್ದರೂ ಏನು ಫಲ? ಪ್ರಯೋಗದ ಆರಂಭಸ್ಥಿತಿ ಸ್ಥಿರವಾಗಿರದೆ ಫಲಿತಾಂಶವನ್ನು ಚರ್ಚಿಸುವಂತಿಲ್ಲ. ದುಬಾರಿ ಬೆಲೆ ಕೊಟ್ಟು ಹೊಸ ಚೆಂಡನ್ನು ಕೊಂಡು, ಹಳೆಯ ಅಳತೆಯಲ್ಲೇ ಅವಸರದಿಂದ ಕೊರೆಯಿಸಿಕೊಳ್ಳುವವರು ಅಡಿಪಾಯ ಹಾಕದೆ ಗೋಪುರಕ್ಕೆ ಕಳಶ ತರುವವರಂತೆ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು. ಆಸ್ಟ್ರೇಲಿಯದ ಜೇಸನ್ ಬೆಲ್ಮೊಂಟೆ ಎರಡು ಕೈಗಳಿಂದ, ಹೆಬ್ಬೆರಳನ್ನು ತೂತಿಗೆ ಹಾಕದೆಯೇ ಆಡಿ ಹಲವು ಮಹಾ ಪಂದ್ಯಾವಳಿಗಳನ್ನು ಗೆದ್ದಿದ್ದಾನೆ. ಹಾಗಾದರೆ ಹೆಬ್ಬೆರಳ ರಂಧ್ರದ ಗೊಡವೆಯೇ ಏಕೆ? ಅಮೆರಿಕದ ಬೌಲಿಂಗ್ ಮಂಡಲಿ ೨೦೨೦ರ ಆಗಸ್ಟಿನಿಂದ ಹಿಡಿಯಲು ಬಳಸದ ರಂಧ್ರ ಚೆಂಡಿನಲ್ಲಿರಕೂಡದೆಂದು ನಿಯಮ ಮಾಡಿದುದರಿಂದ, ಇಂಥ ಆಟಗಾರರು ಆ ತೂತನ್ನು ಕೊರೆಯಿಸುವಂತೆಯೂ ಇಲ್ಲ. ನಮ್ಮ ಉತ್ತರ ಇಷ್ಟು: ಹೆಬ್ಬೆರಳನ್ನು ಬಿಟ್ಟುಕೊಟ್ಟವನು ಬಿಡುಗಡೆಯ ತೊಡಕಿನಿಂದ ಪಾರಾದ, ಆದರೆ ಹಿಡಿತದ ಹೊಣೆಯನ್ನು ಇನ್ನೊಂದು ಕೈಗೆ, ಬೆನ್ನಿಗೆ, ನಡುವಿಗೆ ವರ್ಗಾಯಿಸಿದ. ಆ ಮಾರ್ಗ ಕೆಲವರ ದೇಹಕ್ಕೆ ಒಗ್ಗುತ್ತದೆ, ಎಲ್ಲರಿಗೂ ಒಗ್ಗುವುದಿಲ್ಲ. ಅವನ ಉಳಿದೆರಡು ಬೆರಳುಗಳಿಗೂ ತಕ್ಕ ರಂಧ್ರ ಬೇಕೇ ಬೇಕು. ತನ್ನ ದೇಹಕ್ಕೆ ತಕ್ಕುದನ್ನು ಆರಿಸಿಕೊಂಡು ಗೆದ್ದ ಅವನ ಉದಾಹರಣೆ ನಮ್ಮ ವಾದವನ್ನು ಮುರಿಯದೆ ಎತ್ತಿಹಿಡಿಯುತ್ತದೆ.

ಇನ್ನು ಕಂಪ್ಯೂಟರು ನಡೆಸುವ ಕೊರೆಯಂತ್ರಗಳು ಬಂದಿರುವಾಗ ಕುಶಲಿಯೇಕೆ ಎನ್ನುವವರು. ಯಂತ್ರ ಹೇಳಿದ ಅಳತೆಯನ್ನು ಕೂದಲೆಳೆ ತಪ್ಪದೆ ಕೊರೆಯುತ್ತದೆ; ಅದು ಸ್ವಾಗತಾರ್ಹವೇ. ಆದರೆ ಯಾವ ಅಳತೆಯನ್ನು ಹೇಳಬೇಕೆಂಬುದು ಯಂತ್ರದಿಂದ ಬರುವ ವಿಷಯವಲ್ಲ. ತಪ್ಪು ಅಳತೆಯನ್ನು ಬಹು ನಿಖರವಾಗಿ ಕೊರೆದರೆ ದೊರೆಯುವುದು ನಿಖರವಾದ ತಪ್ಪು. ಕೈಯನ್ನು ಹಿಡಿದು ನೋಡಿ, ಆಡಿಸಿ ನೋಡಿ, ಎಲ್ಲಿ ಕೆಂಪಾಗಿದೆ, ಎಲ್ಲಿ ಗಂಟಾಗಿದೆ ಎಂದು ವಿಚಾರಿಸಿ, ಕೊರೆದಮೇಲೂ ಮತ್ತೆ ಕರೆದು ತಿದ್ದುವವನು ಬೇಕು. ನೋಡು, ಊಹಿಸು, ಪರೀಕ್ಷಿಸು, ತಿದ್ದು ಎಂಬ ಈ ಕ್ರಮವನ್ನೇ ಅಲ್ಲವೆ ನಾವು ವೈಜ್ಞಾನಿಕ ವಿಧಾನವೆಂದು ಕರೆಯುವುದು?

ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ವರ್ನಿಯರ್ ಕ್ಯಾಲಿಪರನ್ನು ಹಿತ್ತಾಳೆಯ ಗುಂಡಿನ ವ್ಯಾಸ ಅಳೆಯಲು ಕೊಡುತ್ತೇವೆ. ವಿದ್ಯಾರ್ಥಿಗಳು ಪುಸ್ತಕದಲ್ಲಿರಬೇಕಾದ ಉತ್ತರವನ್ನು ಬರೆದು ಎದ್ದುಹೋಗುತ್ತಾರೆ. ಅವರಿಗೆ ನಮ್ಮದೊಂದು ಸೂಚನೆ. ಮುಂದಿನ ವಾರ ಅದೇ ಉಪಕರಣದಿಂದ ನಿಮ್ಮ ಹೆಬ್ಬೆರಳನ್ನು ಅಳೆಯಿರಿ: ಗೆಣ್ಣಿನಲ್ಲಿ, ಬುಡದಲ್ಲಿ, ಉದ್ದಕ್ಕೆ, ಅಡ್ಡಕ್ಕೆ, ಮೆಲ್ಲಗೆ ಒತ್ತಿ, ಜೋರಾಗಿ ಒತ್ತಿ, ಬೆಳಗ್ಗೆ, ಸಂಜೆ, ತಣ್ಣೀರಿನಲ್ಲಿ ಕೈಯಿಟ್ಟ ಮೇಲೆ. ಒಂದೇ ಉತ್ತರ ಬರಲಾರದು. ಬಂದ ಉತ್ತರಗಳನ್ನೆಲ್ಲ ಪ್ರಾಮಾಣಿಕವಾಗಿ ಬರೆದಿಟ್ಟು, ಈ ಬೆರಳಿಗೆ ನೀವೇ ರಂಧ್ರ ಕೊರೆಯಬೇಕಾದರೆ ಯಾವ ಅಳತೆಯನ್ನು ಆರಿಸುವಿರಿ, ಏಕೆ, ಎಂದು ಅರ್ಧ ಪುಟ ಬರೆಯಿರಿ. ಹಿತ್ತಾಳೆಯ ಗುಂಡು ಕಲಿಸಲಾರದ ಪಾಠವನ್ನು ಅದು ಕಲಿಸೀತು.

ಮುಂದೆ ನಿಮ್ಮಲ್ಲಿ ಕೆಲವರು ಎಂಜಿನಿಯರುಗಳಾಗಿ ಕುರ್ಚಿಗಳನ್ನೂ ಉಪಕರಣಗಳನ್ನೂ ವಾಹನಗಳನ್ನೂ ರಚಿಸುವಿರಿ. ಕೆಲವರು ವೈದ್ಯರಾಗಿ ಕೃತಕ ಅಂಗಗಳನ್ನು ಜೋಡಿಸುವಿರಿ. ಆಗ ಮೇಜಿನ ಮೇಲಿರುವ ಕೋಷ್ಟಕದಲ್ಲಿ ಸರಾಸರಿ ಮನುಷ್ಯನ ಅಳತೆಗಳೆಲ್ಲ ಸಿದ್ಧವಾಗಿರುತ್ತವೆ. ಕೋಷ್ಟಕವನ್ನು ನೋಡಿ, ಬೇಡವೆನ್ನುವುದಿಲ್ಲ. ಆದರೆ ವಸ್ತುವನ್ನು ಬಳಸತಕ್ಕವನು ಬಾಗಿಲಲ್ಲಿ ನಿಂತಿದ್ದಾನೆ. ಅವನನ್ನು ಒಳಕ್ಕೆ ಕರೆದು ಕೈ ನೀಡೆಂದು ಕೇಳಿ ಅಳೆಯಿರಿ.